ಆಲೆಮನೆಯಲ್ಲಿ ದೋಣಿ ಒಣಗಿಸಿದ್ದು

ಆ ದಿನವೂ ಬೆಳಿಗ್ಗೆ ಎದ್ದು ನಾನು ಮೊದಲು ನೋಡಿದ್ದು ಮೊಸರಿನ ಪಾತ್ರೆಯನ್ನು. ಪುಷ್ಯ ಮಾಸದ ಚಳಿ. ಹೆಪ್ಪು ಹಾಕಿ ಹಳೆಯ ಟವೆಲ್ ಸುತ್ತಿಟ್ಟಿದ್ದರೂ ಪಾತ್ರೆ ಓರೆ ಮಾಡಿದರೆ ಅಂಚಿನಲ್ಲಿ ಹಾಲು ಹಾಲಾಗಿಯೇ ಓಡಾಡುತ್ತಿತ್ತು. ಅದನ್ನು ಒಲೆಯ ಪಕ್ಕಕ್ಕೆ ಸರಿಸಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆಯಲು ಕೂತೆ. ಎಳೆ ನೇರವಾಗಿ ಬೀಳಲಿಲ್ಲ, ಪುಡಿ ಬೆರಳಿಗೇ ಅಂಟಿಕೊಳ್ಳುತ್ತಿತ್ತು. ಗೇಟಿನ ಸರಳಿನ ಕೆಳಗೆ ಹನಿಗಳು ಸಾಲಾಗಿ ತೂಗುತ್ತಿದ್ದವು. ಶಿಂಷಾ ಹೊಳೆಯ ಕಡೆಯಿಂದ ಎದ್ದ ಮಂಜು ಹಿತ್ತಲಿನ ನುಗ್ಗೆಮರವನ್ನು ಅರ್ಧ ನುಂಗಿತ್ತು. ಉಪ್ಸಾರಿಗೆ ಕಾಳು ಬೇಯಲು ಇಟ್ಟು, ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ, ಸೆರಗು ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿನಿಂದ ಶೆಡ್ಡಿಗೆ ಹೋದೆ. ಹಾಲು, ಪುಡಿ, ಸರಳು ಎಲ್ಲವೂ ಒಂದೇ ಮಾತು ಹೇಳಿದ್ದವು: ಇವತ್ತು ಅಂಟು ಮುಟ್ಟಬೇಡ. ಕೇಳಿಸಿಕೊಳ್ಳುವವರು ಬೇಕಲ್ಲ.

ನಮ್ಮ ಮನೆ ವೈದ್ಯನಾಥಪುರದ ಹತ್ತಿರ. ಒಂದು ಕಡೆ ಹೊಳೆ, ಇನ್ನೊಂದು ಕಡೆ ನಾಲೆ. ಹಿತ್ತಲಿನಾಚೆಯ ತಗಡಿನ ಶೆಡ್ಡಿನಲ್ಲಿ ಮೊದಲು ಗಾಡಿ, ಕಿಟಕಿ, ಬಾಗಿಲು ಮಾಡುತ್ತಿದ್ದರು. ಆಮೇಲೆ ನಮ್ಮ ಯಜಮಾನರ ಅಣ್ಣ, ಅಂದರೆ ನನ್ನ ಬಾವ, ಕೇರಳದ ಕಡೆ ಹೋಗಿ ಬಂದವರು ಮರದ ದೋಣಿ ಕಟ್ಟುವ ಕೆಲಸ ಹಚ್ಚಿಕೊಂಡರು. ತೆಳು ಹಲಗೆಗಳನ್ನು ಬಗ್ಗಿಸಿ, ಎಪಾಕ್ಸಿ ಅಂಟಿನಿಂದ ಕೂಡಿಸಿ, ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ, ಆ ಬಟ್ಟೆಗೂ ಅದೇ ಅಂಟು ಕುಡಿಸುವ ದೋಣಿ. ಅಂಟು ಎರಡು ಡಬ್ಬಿಯಲ್ಲಿ ಬರುತ್ತದೆ, ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ಬೆರೆತರೆ ಮಾತ್ರ ಗಟ್ಟಿಯಾಗುವುದು. ಡಬ್ಬಿಯ ಮೇಲೆಲ್ಲ ಇಂಗ್ಲಿಷು. ಮನೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ. "ಸಿಸ್ಟರ್‌ಗಳತ್ರ ಕಲ್ತಿದ್ದು ಇಂಗಾದ್ರೂ ಉಪಯೋಗಕ್ಕೆ ಬರ್ಲಿ ಬುಡವ್ವ" ಎಂದು ಬಾವ ಕರೆದರು. ಅಲ್ಲಿಂದ, ಮಣಿಕಟ್ಟಿನವರೆಗೂ ಗುಳ್ಳೆ ಎದ್ದು ಡಾಕ್ಟರು ಬಿಡಿಸುವ ತನಕ, ಆ ಶೆಡ್ಡಿನಲ್ಲಿ ಅಂಟು ಕಲಸಿದ್ದು ನಾನೇ. ರೇಷನ್ ಕಾರ್ಡಿನಲ್ಲಿ ಇವತ್ತಿಗೂ ಗೃಹಿಣಿ ಎಂದಿದೆ. ಸುಳ್ಳೇನಲ್ಲ.

ಈಗ ಹೊಸಬರು ಈ ಕೆಲಸಕ್ಕೆ ಬರುತ್ತಿದ್ದಾರೆ. ಬರಲಿ. ಕೈಗವಸು ಹಾಕಿಕೊಂಡೇ ಬರಲಿ. ನಮಗೆ ಕೈಗವಸು ಎಂದರೆ ಆಸ್ಪತ್ರೆಯವರ ಶೋಕಿ ಎಂದು ಹೇಳಿಕೊಟ್ಟಿದ್ದರು, ಹೇಳಿಕೊಟ್ಟವರ ಕೈ ಮಾತ್ರ ಯಾವತ್ತೂ ಅಂಟಿನ ಹತ್ತಿರ ಬರಲಿಲ್ಲ.

ಡಬ್ಬಿಯ ಮೇಲಿನ ಇಂಗ್ಲಿಷನ್ನು ನಾನು ಭಕ್ತಿಯಿಂದ ಓದಿದೆ. ಕೋಣೆಯ ಉಷ್ಣತೆಯಲ್ಲಿ ಕಲಸಿ ಎಂದಿತ್ತು. ಯಾರ ಕೋಣೆ? ಚೈತ್ರ ವೈಶಾಖದಲ್ಲಿ ನಮ್ಮ ತಗಡಿನ ಕೆಳಗೆ ನಿಂತರೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕಿವಿಗೆ ಇಳಿಯುತ್ತಿತ್ತು. ಅದನ್ನು ಬರೆದ ಪುಣ್ಯಾತ್ಮ ಸ್ವೆಟರ್ ಹಾಕಿಕೊಂಡು ಕೂತಿದ್ದನೆಂದು ಕಾಣುತ್ತದೆ. ಅವನು ಹೇಳಿದ ಹೊತ್ತಿನ ಅರ್ಧಕ್ಕೇ ನಮ್ಮ ಬಟ್ಟಲಿನಲ್ಲಿ ಅಂಟು ದಪ್ಪವಾಗಿ ಬ್ರಷ್ ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಬೇಕು, ಅದೂ ಅಗಲವಾದ ತಟ್ಟೆಯಲ್ಲಿ ಹರಡಿ. ಆಳದ ಪಾತ್ರೆಯಲ್ಲಿ ರಾಶಿ ಹಾಕಿದರೆ ತನ್ನ ಬಿಸಿಗೆ ತಾನೇ ಕಾಯುತ್ತದೆ. ಈ ಮಾತು ನೆನಪಿರಲಿ.

ಚಳಿಗಾಲದ ಕಥೆ ತಿರುಗುಮುರುಗು. ಆಗ ಅಂಟು ಗಟ್ಟಿಯಾಗದೆ ಜೋನಿಬೆಲ್ಲದ ಹಾಗೆ ಇದ್ದು ನಮ್ಮನ್ನು ಕಾಯಿಸುತ್ತದೆ. ಒಂದು ಸಲ ಬಾವ, ಚಳಿಯಲ್ಲಿ ಹಾಲಿಗೆ ಹೆಪ್ಪು ಜಾಸ್ತಿ ಹಾಕುವುದಿಲ್ಲವೇ, ಹಾಗೆಯೇ ಎಂದು, ನಾನು ಅಡಿಗೆಮನೆಗೆ ಹೋಗಿದ್ದಾಗ ತಟ್ಟೆಗೆ ಇನ್ನಷ್ಟು ಹಾರ್ಡನರ್ ಸುರಿದುಬಿಟ್ಟರು. ಇದು ಹೆಪ್ಪಲ್ಲ. ಅಳತೆ ತಪ್ಪಿದರೆ ಬೇಗ ಕಟ್ಟಿಕೊಳ್ಳುವುದಿರಲಿ, ಯಾವತ್ತಿಗೂ ಕಟ್ಟಿಕೊಳ್ಳುವುದಿಲ್ಲ. ಆ ದೋಣಿಯ ಹಿಂದಿನ ಪೀಠಕ್ಕೆ ಹಚ್ಚಿದ ಅಂಟು ಸಂಕ್ರಾಂತಿ ಕಳೆದು ಯುಗಾದಿ ಬಂದರೂ ಹಲ್ವದ ಹಾಗೇ ಇತ್ತು. ಉಗುರು ಊರಿದರೆ ಉಗುರಿನ ಗುರುತು. ಮರಗೆಲಸದ ಆಚಾರಿ ಅದನ್ನೆಲ್ಲ ಕೆರೆದು ತೆಗೆಯುತ್ತಾ ಬಾಯಲ್ಲಿ ಏನೋ ಗೊಣಗುತ್ತಿದ್ದ. ಬಾವನ ಕಿವಿಗೆ ಬಿದ್ದಿದ್ದರೆ ಅವನಿಗೆ ಮರುದಿನ ಕೆಲಸವಿರುತ್ತಿರಲಿಲ್ಲ.

ಇನ್ನು ಏರುಹೊತ್ತಿನ ವಿಚಾರ. ನಮ್ಮ ಕಡೆ ಒಳ್ಳೆಯ ಕೆಲಸವನ್ನು ಬಿಸಿಲು ಏರುವಾಗ ಶುರು ಮಾಡಬೇಕು, ಇಳಿಹೊತ್ತಿನಲ್ಲಿ ಮಾಡಿದರೆ ಏಳಿಗೆಯಿಲ್ಲ ಅನ್ನುತ್ತಾರೆ. ಮದುವೆ, ಬಿತ್ತನೆ, ಅಂಗಡಿಪೂಜೆಗೆ ಇರಲಿ. ಅಂಟಿಗೂ ಅದೇ ಕಾನೂನು ಹಾಕಿದರು ಬಾವ. ಬೆಳಗಿನ ಬಿಸಿಲು ಏರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಮೇಲೆ ಹಸಿ ಅಂಟಿದ್ದರೆ ಅದರಲ್ಲಿ ಗುಳ್ಳೆ ಏಳುತ್ತದೆ, ಕಾವಲಿಯ ಮೇಲೆ ದೋಸೆಗೆ ತೂತು ಬೀಳುವ ಹಾಗೆ. ದೋಸೆಗೆ ತೂತು ಚೆಂದ, ದೋಣಿಗೆ ಅಲ್ಲ. ಮಧ್ಯಾಹ್ನ ತಿರುಗಿ ಮರ ತಣ್ಣಗಾಗತೊಡಗಿದಾಗ ಹಚ್ಚಿದರೆ ಮರವೇ ಅಂಟನ್ನು ಒಳಗೆ ಎಳೆದುಕೊಳ್ಳುತ್ತದೆ. ಆದರೆ ತೀರ ತಡ ಮಾಡಿದರೆ ಇಬ್ಬನಿ ಬೀಳುತ್ತದೆ. ಈ ನಡುವಿನ ಹೊತ್ತು ಋತುವಿನಿಂದ ಋತುವಿಗೆ ಬೇರೆ, ನಾಲೆಗೆ ನೀರು ಬಿಟ್ಟ ವಾರ ಇನ್ನೂ ಬೇರೆ. ನಾನು ಇದನ್ನು ಹೇಳಿದಾಗ ಬಾವ ನಕ್ಕರು. "ಇಳಿವೊತ್ನಲ್ಲಿ ಸುರು ಮಾಡಿದ್ ದ್ವಾಣಿ ಇಳ್ದೇ ಓಯ್ತದೆ ಕಣವ್ವ, ನೀರೊಳಕ್ಕೆ!" ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು.

ಅಂಟು ಮಾರುವ ಕಂಪನಿಯ ಏಜೆಂಟನೊಬ್ಬ ಬೆಂಗಳೂರಿನಿಂದ ಬರುತ್ತಿದ್ದ, ಇಸ್ತ್ರಿ ಮುರಿಯದ ಅಂಗಿ. "ಆಲ್ ವೆದರ್ ಮೇಡಂ, ಮಳೆಯಲ್ಲೂ ಹಚ್ಚಬಹುದು" ಎಂದ. ಆಷಾಢದ ಜಡಿಯಲ್ಲಿ ಕೆರೆಯ ದೋಣಿಯೊಂದಕ್ಕೆ ಹಚ್ಚಿದೆವು. ಗಟ್ಟಿಯಾಯಿತು, ಅದು ನಿಜ. ಅದರ ಮೇಲೆ ಎರಡನೇ ಕೈ ಹಚ್ಚಿ, ಬಣ್ಣ ಬಳಿದು ಕೊಟ್ಟೆವು. ಬಿಸಿಲುಗಾಲ ಬರುವಷ್ಟರಲ್ಲಿ ಮೇಲಿನ ಪದರ ಬಾಳೆಪಟ್ಟೆ ಬಿಟ್ಟುಕೊಂಡ ಹಾಗೆ ಸುರುಳಿ ಸುರುಳಿಯಾಗಿ ಎದ್ದಿತು. ಒಂದು ಚೂರನ್ನು ತಿರುಗಿಸಿ ನೋಡಿದೆ. ಕೆಳಮೈ ಕನ್ನಡಿಯ ಹಾಗೆ ನುಣುಪು. ಅಂದರೆ ಅದು ಯಾವತ್ತೂ ಕೆಳಗಿನ ಪದರವನ್ನು ಹಿಡಿದೇ ಇರಲಿಲ್ಲ. ತೇವದ ಗಾಳಿಯಲ್ಲಿ ಅಂಟು ಗಟ್ಟಿಯಾಗುವಾಗ ಮೇಲೆ ಕಣ್ಣಿಗೆ ಕಂಡೂ ಕಾಣದ ಒಂದು ಜಿಡ್ಡು ನಿಲ್ಲುತ್ತದೆ. ಅದನ್ನು ತೊಳೆಯದೆ ಮೇಲೆ ಏನು ಹಚ್ಚಿದರೂ ಎಣ್ಣೆ ಮೆತ್ತಿದ ಗೋಡೆಗೆ ಸುಣ್ಣ ಬಳಿದಂತೆ. ಮುಂದಿನ ಸಲ ಏಜೆಂಟನಿಗೆ ಆ ಚೂರು ತೋರಿಸಿದೆ. "ಸರ್ಫೇಸ್ ಪ್ರಿಪರೇಷನ್ ಸರಿಯಿಲ್ಲ ಮೇಡಂ" ಎಂದ. ಕಾಫಿ ಮಾತ್ರ ಪೂರ್ತಿ ಕುಡಿದ.

ಈಗ ಆ ದಿನಕ್ಕೆ ಬರುತ್ತೇನೆ. ಮಳವಳ್ಳಿಯಾಚೆ ಕಾವೇರಿ ದಂಡೆಯಲ್ಲಿ ಜನರನ್ನು ಹೊಳೆ ದಾಟಿಸುವ ಮಾದಯ್ಯ ಎಂಬುವರಿಗೆ ದೋಣಿ ಕಟ್ಟುತ್ತಿದ್ದೆವು. ಅವರ ಹಳೆಯ ದೋಣಿ ತಳ ಕೊಳೆತು ದಡ ಸೇರಿತ್ತು. ಹೊಳೆ ದಾಟಿಸುವ ಗುತ್ತಿಗೆ ಪಂಚಾಯತಿಯದು. ಆ ದಿನ ಕಳೆದು ಮರುದಿನದೊಳಗೆ ಒಳ್ಳೆಯ ದೋಣಿ ದಾಟುವ ಕಟ್ಟೆಯ ಹತ್ತಿರ ತಂದು ನಿಲ್ಲಿಸದಿದ್ದರೆ ಆಚೆ ದಡದವನಿಗೆ ಕೊಡುತ್ತೇವೆಂದು ಪಂಚಾಯತಿಯವರು ಹೇಳಿಬಿಟ್ಟಿದ್ದರು. ಕೆಲವು ದಿನ ಮೊದಲೇ ನಮ್ಮ ಕಡೆ ಬಟ್ಟೆ ಹೊದಿಸಿ ಅಂಟು ಕುಡಿಸಿ ಆಗಿತ್ತು. ಚಳಿಗೆ ಅದು ಗಟ್ಟಿಯಾಗದೆ ಬೆರಳಿಗೆ ಹತ್ತುತ್ತಿತ್ತು. ಹಗಲು ಹೊತ್ತು ಶೆಡ್ಡಿನ ಬಾಗಿಲು ತೆರೆದು ಬಿಸಿಲಿಗೆ ಬಿಟ್ಟು, ಸಂಜೆಗೆ ಕಂಬಳಿ ಹೊದಿಸಿ ಕಾಯೋಣ ಎಂದೆ ನಾನು.

"ಕಾಯದಾ?" ಎಂದರು ಬಾವ. "ಬೆಲ್ಲವೇ ಗಟ್ಟಿ ಆಯ್ತದೆ ಅಂತೆ, ಇದೇನ್ ಮಹಾ ಅಂಟು? ಆಲೆಮನೆಗಾಕಿ."

ಮಂಡ್ಯದ ಕಡೆಯ ಗಂಡಸಿಗೆ ಮಾತ್ರ ಹೊಳೆಯಬಹುದಾದ ಉಪಾಯ. ಭಾರತೀನಗರದ ದಾರಿಯಲ್ಲಿ ಅವರ ಬೀಗರ ಆಲೆಮನೆ ಇದೆ. ದೋಣಿಯನ್ನು ಬೋರಲು ಹಾಕಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ, ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲೇ ಇಟ್ಟುಬಂದರು. ಅಲ್ಲಿ ಬೆಚ್ಚಗಿರುವುದು ನಿಜವೇ. ಜೊತೆಗೆ ಕೊಪ್ಪರಿಗೆಯಿಂದ ಎದ್ದ ಹಬೆ ಮಾಡಿನ ಗರಿಗಳಿಂದ ತೊಟ್ಟಿಕ್ಕುವಷ್ಟಿತ್ತು. ಅಲ್ಲಿ ಕೆಲಸ ಮಾಡುವವರ ಅಂಗಿಯೇ ಒಣಗುವುದಿಲ್ಲ. ಅದನ್ನು ನೋಡುವ ಕಣ್ಣು ಬಾವನಿಗಿರಲಿಲ್ಲ, ಅವರು ಬಿಸಿ ಬೆಲ್ಲ ತಿನ್ನುತ್ತಿದ್ದರು. ಹಿಂದಿನ ಸಂಜೆ ದೋಣಿ ವಾಪಸು ಬಂದಿತ್ತು. ಇವತ್ತು ಕೊನೆಯ ಕೈ ಅಂಟು, ಮೇಲೆ ಬಣ್ಣ, ನಾಳೆ ಮಳವಳ್ಳಿಗೆ. ಇದು ಬಾವನ ತೀರ್ಮಾನ.

ನಾನು ಶೆಡ್ಡಿಗೆ ಹೋದಾಗ ಬಾವ, ನಮ್ಮ ಯಜಮಾನರು, ಆಚಾರಿ, ಮೊದಲ ಬಸ್ಸಿಗೆ ಬಂದಿದ್ದ ಮಾದಯ್ಯ, ಎಲ್ಲರೂ ದೋಣಿಯ ಸುತ್ತ ನಿಂತಿದ್ದರು. ಬಾವ ಬೆರಳಗಂಟಿನಿಂದ ಅದರ ಬೆನ್ನು ತಟ್ಟಿ ಸದ್ದು ಕೇಳಿಸುತ್ತಿದ್ದರು.

"ಕಲ್ಲು ಕಣವ್ವ, ಕಲ್ಲು! ಬಾ, ತಟ್ಟಿ ನೋಡು."

ನಾನು ತಟ್ಟಲಿಲ್ಲ, ಅಂಗೈ ಸವರಿದೆ. ಸರಿಯಾಗಿ ತೊಳೆಯದ ತುಪ್ಪದ ಗಿಂಡಿಯ ಹಾಗೆ ಜಾರಿತು. ಓರೆಯಾಗಿ ನೋಡಿದರೆ ಅಲ್ಲಲ್ಲಿ ಬೂದು ಮಚ್ಚೆ, ಕನ್ನಡಿಗೆ ಉಸಿರು ಬಿಟ್ಟ ಹಾಗೆ. ಬೇಡುವವರ ಹಾಗೆ ನಿಂತಿದ್ದ ಮಾದಯ್ಯನ ಕಡೆ ನೋಡಲಾಗಲಿಲ್ಲ.

"ಗಟ್ಟಿಯೇನೋ ಆಗಿದೆ ಬಾವ. ಮೇಲೆ ಜಿಡ್ಡು ನಿಂತಿದೆ. ತೊಳೆಯದೆ ಹಚ್ಚಿದರೆ ಕೆರೆಯ ದೋಣಿಯ ಹಾಗೆ ಎದ್ದುಬರುತ್ತದೆ."

"ಜಿಡ್ಡೂ ಇಲ್ಲ ಪಡ್ಡೂ ಇಲ್ಲ. ಬೆಲ್ಲದ ಆವಿ ಕಣಮ್ಮ ಅದು. ನೆಕ್ಕುದ್ರೆ ಸೀ ಇರ್ತದೆ."

"ನೆಕ್ಕಿ ನೋಡಿ ಬಾವ" ಎಂದೆ ಮೆಲ್ಲಗೆ. ಸಿಸ್ಟರ್‌ಗಳು ನಮಗೆ ಮೆಲ್ಲಗೆ ಮಾತಾಡುವುದನ್ನು ಚೆನ್ನಾಗಿ ಕಲಿಸಿದ್ದರು.

ಅಷ್ಟು ಜನರ ಮುಂದೆ ಹಿಂದೆ ಸರಿಯುವವರಲ್ಲ ಅವರು. ಬೆರಳು ಸವರಿ ನಾಲಿಗೆಗೆ ಇಟ್ಟೇಬಿಟ್ಟರು. ಮುಖ ಹರಳೆಣ್ಣೆ ಕುಡಿದ ಮಗುವಿನದಾಯಿತು. ಆಚೆ ಹೋಗಿ ಉಗಿದು, ನಲ್ಲಿಯಲ್ಲಿ ಬಾಯಿ ತೊಳೆದುಕೊಂಡು ಬಂದರು. ಹೊಸಬರು ಇದನ್ನು ಮಾಡಬೇಡಿ, ಅದು ವಿಷ. ಆಚಾರಿ ದೋಣಿಯ ಆ ಬದಿಗೆ ಹೋಗಿ ಬಗ್ಗಿ ಏನನ್ನೋ ಹುಡುಕತೊಡಗಿದ. ಅವನ ಹೆಗಲು ಅಲುಗುತ್ತಿತ್ತು.

"ಒಂದು ದಿನ ತೊಳೆದು ಒಣಗಿಸಲು, ಇನ್ನೊಂದು ದಿನ ಉಪ್ಪುಕಾಗದ ತಿಕ್ಕಿ ಹಚ್ಚಲು. ಅದು ಕಟ್ಟಿಕೊಳ್ಳಲು ಬಿಸಿಲು ಕೊಟ್ಟಷ್ಟು ದಿನ" ಎಂದೆ.

"ಏರೊತ್ತು ಮೀರ್ತಾ ಅದೆ. ನೀ ಕಲಸ್ತೀಯಾ, ಇಲ್ವಾ?"

"ಇಲ್ಲ ಬಾವ."

ಮನೆಯಲ್ಲಿ ನಾನು ಬಾವನ ಮುಂದೆ ಕೂರುವುದೂ ಇಲ್ಲ. ಏನಾದರೂ ಹೇಳಬೇಕಾದರೆ ಯಜಮಾನರ ಮೂಲಕ ಹೇಳುವುದು ವಾಡಿಕೆ. ಶೆಡ್ಡಿನಲ್ಲಿ ಆ ಮರ್ಯಾದೆ ನಡೆಯುತ್ತಿರಲಿಲ್ಲವಾದರೂ ಇಲ್ಲ ಎಂದದ್ದು ಅದೇ ಮೊದಲು. ಯಜಮಾನರು ನೆಲ ನೋಡಿದರು. ಅವರ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು, ಅದನ್ನೇ ನೋಡುತ್ತಿದ್ದರು.

"ಕಾನ್ವೆಂಟಮ್ಮ ಇಲ್ದಿದ್ರೆ ದ್ವಾಣಿ ಆಗಾಕಿಲ್ವಾ? ತತ್ತಾ ಇಲ್ಲಿ" ಎಂದು ಬಾವ ತಾವೇ ಪ್ಲಾಸ್ಟಿಕ್ ಬಕೆಟ್ ಎಳೆದುಕೊಂಡು ದೊಡ್ಡ ಡಬ್ಬಿಗಳೆರಡನ್ನೂ ಪೂರ್ತಿ ಸುರಿದು ದೊಣ್ಣೆಯಿಂದ ತಿರುವಿದರು. ಬಕೆಟ್ಟಿನಲ್ಲಿ ರಾಶಿ ಹಾಕಬಾರದು ಎಂದು ಹೇಳಲು ಬಾಯಿ ತೆರೆದೆ. "ಸುಮ್ಕಿರವ್ವ" ಎಂದರು. ಅವರು ಬ್ರಷ್ ಹುಡುಕಿ, ಎರಡೂ ಕೈಯಲ್ಲಿ ಪಂಚೆ ಎತ್ತಿ ಕಟ್ಟಿ, ದೇವರಿಗೆ ಕೈ ಮುಗಿಯುವಷ್ಟರಲ್ಲಿ ಬಕೆಟ್ಟಿನಿಂದ ಹೊಗೆ ಎದ್ದಿತು. ಮೊದಲು ಎಳೆಯಾಗಿ, ಆಮೇಲೆ ಸೌದೆ ಒಲೆಯ ಹಾಗೆ. ಬಕೆಟ್ಟಿನ ಹೊಟ್ಟೆ ಒಂದು ಕಡೆ ಉಬ್ಬಿ ಮೆತ್ತಗಾಯಿತು. "ಎತ್ತಾಕ್ಲಾ ಆಚೀಕೆ!" ಎಂದು ಅವರು ಕೂಗಿದಾಗ ಆಚಾರಿ ಗೋಣಿಚೀಲ ಸುತ್ತಿ ಎಳೆದು ಅಂಗಳಕ್ಕೆ ದೂಡಿದ. ದೊಣ್ಣೆ ಅದರ ನಡುವೆ ಧ್ವಜಸ್ತಂಭದಂತೆ ನೆಟ್ಟಗೆ ನಿಂತಿತು.

ಹೊಗೆ ಇಳಿದ ಮೇಲೆ ಮಾದಯ್ಯ ನನ್ನ ಹತ್ತಿರ ಬಂದರು. ಒರಟು ಕೈಗಳನ್ನು ಟವೆಲಿನಲ್ಲಿ ಒರೆಸುತ್ತಲೇ ಇದ್ದರು, ಕೈಯಲ್ಲಿ ಏನೂ ಅಂಟಿರಲಿಲ್ಲ.

"ಅವ್ವಾ, ಸಣ್ ಡಬ್ಬಿ ಇನ್ನೂ ಐತಲ್ಲ ಅಲ್ಲಿ. ನೀವೇ ಒಸಿ ಕಲ್ಸಿ ಕೊಡಿ. ನಾಳೀಕ್ ದ್ವಾಣಿ ಅಲ್ಲಿಲ್ಲ ಅಂದ್ರೆ ನನ್ ಬಾಳು ಮುಗೀತು. ನಮ್ಮಪ್ಪ ದಾಟಿಸ್ತಿದ್ದ ಜಾಗ ಅದು."

"ಎದ್ದುಬರುತ್ತದೆ ಮಾದಯ್ಯನವರೇ. ಬಟ್ಟೆಯೊಳಕ್ಕೆ ನೀರು ಹೋದರೆ ತಳ ಬಿಟ್ಟುಕೊಳ್ಳುತ್ತದೆ. ನಡುಹೊಳೆಯಲ್ಲಿ."

"ಬಂದಾಗ ನೋಡ್ಕತೀನಿ ಬುಡಿ. ನೀರ್ ಮ್ಯಾಲೆ ಓಗೋನು ನಾನು, ನೀವಲ್ಲ."

"ನೀವೊಬ್ಬರೇ ಹೋಗುವುದಾದರೆ ಈಗಲೇ ಕಲಸಿಕೊಡುತ್ತೇನೆ" ಎಂದೆ.

ಅವರ ಕಡೆ ಟೀಚರಮ್ಮಂದಿರು, ಹಾಲಿನ ಕ್ಯಾನಿನವರು, ಬಾಣಂತಿಯರು ದೋಣಿಯಲ್ಲೇ ದಾಟಬೇಕು. ಮಾದಯ್ಯ ದೋಣಿಯ ಮೂತಿಯ ಮೇಲೆ ಒಮ್ಮೆ ಕೈಯಿಟ್ಟರು. ಆಮೇಲೆ ಟವೆಲ್ ಹೆಗಲಿಗೆ ಎಸೆದುಕೊಂಡು, "ಓದಿರೋರ ಮನೇಲಿ ಕೆಲ್ಸಕ್ಕೆ ಕೊಡಬಾರ್ದು ಕಣಪ್ಪ" ಎಂದು ಯಾರಿಗೂ ಅಲ್ಲದಂತೆ ಹೇಳಿ ಮದ್ದೂರಿನ ಬಸ್ಸಿಗೆ ನಡೆದುಹೋದರು. ಅವರಿಗೆ ಕೊಟ್ಟಿದ್ದ ಕಾಫಿಯ ಲೋಟ ಕಿಟಕಿಯ ಮೇಲೆ ತುಂಬಿದ್ದು ತುಂಬಿದ ಹಾಗೇ ಇತ್ತು.

ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷದ ಗುತ್ತಿಗೆ ಅವರ ಕೈ ತಪ್ಪಿತು. ವರ್ಷವಿಡೀ ಅವರು ಬೇರೆಯವನ ದೋಣಿಯಲ್ಲಿ ಕೂಲಿಗೆ ಹುಟ್ಟು ಹಾಕಿದರು. ನಮ್ಮ ದೋಣಿ ಅವರ ಮನೆ ಮುಂದೆ ಹುಲ್ಲು ಹೊದ್ದು ಮಲಗಿತ್ತು. ಮರುವರ್ಷ ಗುತ್ತಿಗೆ ಮತ್ತೆ ಅವರಿಗೇ ಬಂತು, ಈಗಲೂ ಅದೇ ದೋಣಿ ನಡೆಸುತ್ತಿದ್ದಾರೆ. ಒಂದು ಪದರವೂ ಎದ್ದಿಲ್ಲ. ದಾರಿಯಲ್ಲಿ ಸಿಕ್ಕರೆ ಯಜಮಾನರನ್ನು ಮಾತಾಡಿಸುತ್ತಾರೆ, ನನ್ನನ್ನಲ್ಲ. ನಾನು ತಪ್ಪು ತಿಳಿಯುವುದಿಲ್ಲ. ಮುಳುಗಿದ ದೋಣಿಗೆ ಸಾಕ್ಷಿ ಇರುತ್ತದೆ, ಮುಳುಗದ ದೋಣಿಗೆ ಎಲ್ಲಿಂದ ತರುವುದು? ಬಾವ ಮಾತ್ರ ಈಗ ಕೆಲಸ ಕಲಿಯಲು ಬರುವವರಿಗೆಲ್ಲ, "ಚಳೀಲಿ ಅಂಟು ಕಟ್ತು ಅಂದ್ರೆ ಮೊದ್ಲು ಬಿಸ್ನೀರಲ್ಲಿ ತೊಳ್ದ್ ಬುಡ್ಬೇಕು, ನಾನ್ ಕಂಡಿಡ್ದಿದ್ದು" ಎಂದು ಪಾಠ ಹೇಳುತ್ತಾರೆ. ಹೇಳಲಿ, ಪಾಠ ಸರಿಯಾಗಿಯೇ ಇದೆ. ಅವರ ಶಿಷ್ಯರು ಮೊಬೈಲಿನಲ್ಲಿ ಹವಾಮಾನ ನೋಡಿಕೊಂಡು ಅಂಟು ಕಲಸುತ್ತಾರೆ. ಆ ಮೊಬೈಲಿಗೆ ಮಂಡ್ಯದ ಮೇಲಿನ ಮೋಡ ಗೊತ್ತು. ಹಿತ್ತಲಿನ ನಾಲೆಗೆ ಇವತ್ತು ನೀರು ಬಿಟ್ಟಿದ್ದಾರೆ, ಶೆಡ್ಡಿನ ಗಾಳಿ ಒದ್ದೆಯಾಗಿದೆ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಬಾಗಿಲು ತೆರೆದು ತಲೆ ಹೊರಗೆ ಹಾಕಿದರೆ ಮೊಬೈಲಿನ ಮರ್ಯಾದೆ ಹೋಗುತ್ತದೇನೋ.

ಆ ಮಧ್ಯಾಹ್ನ ಬಾವ ಸಿಟ್ಟಿನಿಂದ ಊಟ ಬಿಟ್ಟು ಮಂಡ್ಯಕ್ಕೆ ಹೋದರು. ಮಂಜು ಹರಿದು ಚೂರು ಬಿಸಿಲು ಬಂದಿತ್ತು. ಆಚಾರಿ ಉಪ್ಪುಕಾಗದ ಎತ್ತಿಕೊಂಡ. ನಾನು ಅವನ ಕೈಯಿಂದ ಕಿತ್ತುಕೊಂಡೆ. ತೊಳೆಯುವ ಮೊದಲು ತಿಕ್ಕಿದರೆ ಜಿಡ್ಡು ಗೀರುಗಳೊಳಕ್ಕೆ ಇಳಿದು ಕೂರುತ್ತದೆ. ಸೋಪೂ ಬೇಡ, ಅದರದೇ ಇನ್ನೊಂದು ಜಿಡ್ಡು. ಬರೀ ಬಿಸಿನೀರು, ತೆಂಗಿನ ನಾರು. ಹಂಡೆಯಲ್ಲಿ ನೀರು ಕಾಯಿಸಿ, ದೋಣಿಯನ್ನು ಅಂಗಳಕ್ಕೆ ಎಳೆಸಿ, ತಲೆಗೆ ಟವೆಲ್ ಕಟ್ಟಿಕೊಂಡು ಒಂದು ತುದಿಯಿಂದ ಉಜ್ಜತೊಡಗಿದೆ. ನೀರು ಹನಿಯಾಗಿ ಉರುಳಿ ಹೋಗುವ ಕಡೆ ಜಿಡ್ಡಿದೆ ಎಂದು ಅರ್ಥ, ಒಂದೇ ಹಾಳೆಯಾಗಿ ಹರಡಿದರೆ ಹೋಗಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ತುದಿಯಲ್ಲಿ ನಾರಿನ ಸದ್ದು ಕೇಳಿಸಿತು. ತಲೆ ಎತ್ತಿದೆ. ನಮ್ಮ ಯಜಮಾನರು ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಿನಲ್ಲಿ ಕೂತು ಉಜ್ಜುತ್ತಿದ್ದರು. ದೋಣಿಯ ನಡುಮಧ್ಯಕ್ಕೆ ಬರುವಾಗ ಹೊತ್ತು ಇಳಿದಿತ್ತು, ಹೊಳೆಯ ಕಡೆಯಿಂದ ಮತ್ತೆ ತಣ್ಣನೆ ಗಾಳಿ.

ಪಕ್ಕದ ಮನೆಯ ಜಯಮ್ಮ ಹಸುವಿಗೆ ಹುಲ್ಲು ಹೊತ್ತುಕೊಂಡು ಬೇಲಿಯ ಪಕ್ಕ ಹೋಗುತ್ತಿದ್ದವಳು ನಿಂತಳು. ಹಬೆಯಾಡುವ ನೀರನ್ನು, ನಾರನ್ನು, ನಮ್ಮಿಬ್ಬರನ್ನು ಒಮ್ಮೆ ನೋಡಿದಳು.

"ಅಯ್ಯೋ ಸಿವ್ನೇ, ಇದ್ಯಾಕಕ್ಕಾ ಇಷ್ಟ್ ಕಷ್ಟ ಬೀಳ್ತೀರಿ?" ಎಂದಳು, ಹೊರೆ ಸರಿಮಾಡಿಕೊಂಡು ಮುಂದೆ ಹೆಜ್ಜೆ ಹಾಕುತ್ತಾ. "ದ್ವಾಣೀನ ಒಳೆ ನೀರ್ಗ್ ಬುಟ್ಟಿದ್ರೆ ತಾನೇ ತೊಳ್ಕೊಂಡ್ ಓಯ್ತಿತ್ತಲ್ಲ."